ಸ್ಪೆಲ್ಲಿಂಗ್ ಮಾಸ್ತರ್ ನೋವಾ ವೆಬ್‌ಸ್ಟರ್

ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಕುಳಿತರೆ ನಮ್ಮಲ್ಲಿ ಅನೇಕರ ಕೈ ನಡುವೆ ನಿಂತುಬಿಡುತ್ತದೆ. ಸೆಪರೇಟ್ ಎಂದು ಬರೆಯುವಾಗ ಮಧ್ಯದಲ್ಲಿ ಬರುವುದು ಎ ಅಕ್ಷರವೋ, ಇ ಅಕ್ಷರವೋ? ಅಕಾಮಡೇಶನ್ ಎಂಬ ಶಬ್ದಕ್ಕೆ ಎಂ ಒಂದೋ, ಎರಡೋ? ರಿಸೀವ್‌ನಲ್ಲಿ ಐ ಮೊದಲೋ, ಇ ಮೊದಲೋ? ಪಕ್ಕದವರನ್ನು ಕೇಳಲು ನಾಚಿಕೆ. ಕೇಳಿದರೂ ಅವರಿಗೂ ಅದೇ ಸಂಶಯ.

ನಮ್ಮ ಕಾಸರಗೋಡಿನ ಕಡೆ ಮನೆಯಲ್ಲಿ ಕನ್ನಡವೋ ತುಳುವೋ ನಡೆಯುತ್ತದೆ, ಕಚೇರಿಗೆ ಹೋದರೆ ಮಲಯಾಳ. ಎರಡು ಲಿಪಿಗಳನ್ನು ಸಲೀಸಾಗಿ ಓದುವವರು ಇಲ್ಲಿ ಮನೆಗೊಬ್ಬರಿದ್ದಾರೆ. ಕನ್ನಡವಿರಲಿ, ಮಲಯಾಳವಿರಲಿ, ಬಹುಮಟ್ಟಿಗೆ ಹೇಳಿದ್ದನ್ನೇ ಬರೆಯುತ್ತೇವೆ, ಬರೆದದ್ದನ್ನೇ ಓದುತ್ತೇವೆ. ಇಂಗ್ಲಿಷಿನ ಹತ್ತಿರ ಬಂದಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಹೇಳುವುದು ಒಂದು, ಬರೆಯುವುದು ಇನ್ನೊಂದು.

ಹೋಗಲಿ, ಶಾಲೆಯಲ್ಲಿ ಕಲಿತಂತೆ ಸರಿಯಾಗಿಯೇ ಬರೆದೆವು ಎಂದುಕೊಳ್ಳೋಣ. ಕಲರ್ ಶಬ್ದವನ್ನು ಸಿ-ಓ-ಎಲ್-ಓ-ಯು-ಆರ್ ಎಂದು ಟೈಪ್ ಮಾಡಿದರೆ ಕೆಲವು ಕಂಪ್ಯೂಟರ್‌ಗಳು ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತವೆ. ಮಾಸ್ತರರು ಕಲಿಸಿದ್ದು ತಪ್ಪೇ? ತಪ್ಪಲ್ಲ. ಆ ಕಂಪ್ಯೂಟರಿಗೆ ಅಮೆರಿಕದ ಸ್ಪೆಲ್ಲಿಂಗ್ ತುಂಬಲಾಗಿದೆ, ನಾವು ಕಲಿತದ್ದು ಬ್ರಿಟನ್ನಿನದು. ಒಂದೇ ಭಾಷೆಗೆ ಈ ಎರಡು ಪದ್ಧತಿ ಹೇಗೆ ಬಂತು ಎಂದು ಹುಡುಕುತ್ತ ಹೋದರೆ, 1843ರಲ್ಲಿ ತೀರಿಕೊಂಡ ಒಬ್ಬ ಶಾಲಾ ಮಾಸ್ತರರ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಆತನ ಹೆಸರು ನೋವಾ ವೆಬ್‌ಸ್ಟರ್.

ಹೊಲ ಅಡವಿಟ್ಟು ಓದಿಸಿದ ತಂದೆ

ವೆಬ್‌ಸ್ಟರ್ ಹುಟ್ಟಿದ್ದು 1758ರ ಅಕ್ಟೋಬರ್ 16ರಂದು, ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ. ಊರು ಈಗಿನ ವೆಸ್ಟ್ ಹಾರ್ಟ್‌ಫರ್ಡ್. ಆಗ ಅದು ಬ್ರಿಟಿಷರ ವಸಾಹತು. ತಂದೆ ರೈತ. ಐವರು ಮಕ್ಕಳಲ್ಲಿ ಈತ ನಾಲ್ಕನೆಯವನು.

ಹುಡುಗನಿಗೆ ಹೊಲದ ಕೆಲಸಕ್ಕಿಂತ ಪುಸ್ತಕದ ಮೇಲೆ ಮನಸ್ಸು ಹೆಚ್ಚು. ಮಗನ ಆಸೆ ನೋಡಿದ ತಂದೆ ಹೊಲವನ್ನು ಅಡವಿಟ್ಟು, 1774ರಲ್ಲಿ ಯೇಲ್ ಕಾಲೇಜಿಗೆ ಸೇರಿಸಿದರು. ಮುಂದಿನ ವರ್ಷವೇ ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. ಓದು ಅರೆಬರೆಯಾಗಿ ಸಾಗಿತು. ಹೇಗೋ 1778ರಲ್ಲಿ ಪದವಿ ಮುಗಿಯಿತು.

ಪದವಿ ಹಿಡಿದು ಮನೆಗೆ ಬಂದ ಮಗನ ಕೈಗೆ ತಂದೆ 8 ಡಾಲರಿನ ಒಂದು ಕಾಗದದ ನೋಟು ಕೊಟ್ಟು, ಇನ್ನು ಮುಂದೆ ನಿನ್ನ ದಾರಿ ನೀನು ನೋಡಿಕೋ ಎಂದುಬಿಟ್ಟರು. ಯುದ್ಧದಿಂದಾಗಿ ಆ ನೋಟಿನ ಬೆಲೆಯೂ ಕುಸಿದಿತ್ತು. ವಕೀಲನಾಗುವ ಆಸೆಯಿತ್ತು, ಕಲಿಯಲು ಹಣವಿರಲಿಲ್ಲ. ಹೊಟ್ಟೆಪಾಡಿಗೆಂದು ಆತ ಹಿಡಿದದ್ದು ಮಾಸ್ತರಿಕೆ. ಕಲಿಸುತ್ತಲೇ ಕಾನೂನು ಓದಿ 1781ರಲ್ಲಿ ವಕೀಲನೂ ಆದ. ಯುದ್ಧಕಾಲದಲ್ಲಿ ಕಕ್ಷಿದಾರರು ಎಲ್ಲಿಂದ ಬರಬೇಕು? ಮತ್ತೆ ಶಾಲೆಯೇ ಗತಿಯಾಯಿತು.

ಬ ಬೆ ಬಿ ಬೊ ಬು

ಆ ಕಾಲದ ಹಳ್ಳಿ ಶಾಲೆ ಎಂದರೆ ಒಂದೇ ಕೋಣೆ. ಸಣ್ಣವರು ದೊಡ್ಡವರು ಎಲ್ಲರೂ ಅಲ್ಲೇ. ಮಕ್ಕಳ ಕೈಗೆ ಕೊಡುತ್ತಿದ್ದ ಓದುವ ಪುಸ್ತಕ ಲಂಡನ್ನಿನಿಂದ ಬಂದದ್ದು, ಥಾಮಸ್ ಡಿಲ್‌ವರ್ತ್ ಎಂಬ ಇಂಗ್ಲಿಷ್ ಮಾಸ್ತರರು 1740ರಲ್ಲಿ ಬರೆದದ್ದು. ಅದರಲ್ಲಿದ್ದ ಊರುಗಳ ಹೆಸರುಗಳೆಲ್ಲ ಇಂಗ್ಲೆಂಡಿನವು. ಕಣ್ಣಿಗೆ ಕಾಣದ ಊರುಗಳ ಹೆಸರನ್ನು ಅಮೆರಿಕದ ಮಕ್ಕಳು ಬಾಯಿಪಾಠ ಮಾಡಬೇಕಿತ್ತು. ಬೇರೆ ರಾಜ್ಯದ ಪಠ್ಯಪುಸ್ತಕ ಹಿಡಿದು ಕಲಿತ ಗಡಿನಾಡಿನವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1782ರಲ್ಲಿ ನ್ಯೂಯಾರ್ಕ್ ಪ್ರಾಂತದ ಗೋಶೆನ್ ಎಂಬ ಊರಿನಲ್ಲಿ ಮಾಸ್ತರನಾಗಿದ್ದಾಗ ವೆಬ್‌ಸ್ಟರ್ ತಾನೇ ಒಂದು ಪುಸ್ತಕ ಬರೆಯಲು ಕುಳಿತ. 1783ರಲ್ಲಿ ಅದು ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾಯಿತು. ಮೊದಲ ಮುದ್ರಣ 5,000 ಪ್ರತಿಗಳು. ಮುಂದೆ ಅದರ ಹೆಸರು ಅಮೆರಿಕನ್ ಸ್ಪೆಲ್ಲಿಂಗ್ ಬುಕ್ ಎಂದಾಯಿತು. ಹೊದಿಕೆ ನೀಲಿ ಬಣ್ಣದ್ದಾಗಿದ್ದುದರಿಂದ ಜನ ಅದನ್ನು ನೀಲಿ ಪುಸ್ತಕ ಎಂಬ ಅರ್ಥದಲ್ಲೇ ಕರೆದರು.

ನಮ್ಮ ಮಕ್ಕಳು ಕ ಕಾ ಕಿ ಕೀ ಎಂದು ಕಾಗುಣಿತ ಹೇಳುವಂತೆ, ಆ ಪುಸ್ತಕದಲ್ಲೂ ಬ ಬೆ ಬಿ ಬೊ ಬು ಎಂಬ ಸಾಲುಗಳಿದ್ದವು. ಆಮೇಲೆ ಸಣ್ಣ ಶಬ್ದ, ಬಳಿಕ ಎರಡು ತುಂಡಿನ ಶಬ್ದ, ಬಳಿಕ ಮೂರು ತುಂಡಿನದು. ಶಬ್ದವನ್ನು ಬಾಯಲ್ಲಿ ಹೇಗೆ ಒಡೆದು ಹೇಳುತ್ತೇವೆಯೋ ಹಾಗೆಯೇ ಕಾಗದದಲ್ಲೂ ಒಡೆದು ತೋರಿಸಿದ್ದು ವೆಬ್‌ಸ್ಟರನ ಜಾಣ್ಮೆ. ನೇಶನ್, ಸ್ಟೇಶನ್ ಮುಂತಾದ ಶಬ್ದಗಳ ಕೊನೆಯ ಟಿ-ಐ-ಓ-ಎನ್ ಎಂಬುದನ್ನು ಡಿಲ್‌ವರ್ತ್ ಎರಡು ತುಂಡು ಮಾಡಿ ಕಲಿಸುತ್ತಿದ್ದರೆ, ವೆಬ್‌ಸ್ಟರ್ ಒಂದೇ ತುಂಡಾಗಿ ಕಲಿಸಿದ. ಶನ್ ಎಂದು ಕೇಳಿಸಿದರೂ ಬರೆಯಬೇಕಾದದ್ದು ಟಿ-ಐ-ಓ-ಎನ್ ಎಂದು ಮಕ್ಕಳ ತಲೆಯಲ್ಲಿ ಒಮ್ಮೆ ಕೂತರೆ ನೂರಾರು ಶಬ್ದಗಳು ಒಟ್ಟಿಗೆ ಕೈಗೆ ಬರುತ್ತವೆ.

ಇಂಗ್ಲೆಂಡಿನ ಊರುಗಳ ಹೆಸರನ್ನು ತೆಗೆದು ಅಮೆರಿಕದ ಊರುಗಳ ಹೆಸರನ್ನು ಸೇರಿಸಿದ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಒಂದು ಅಂದಾಜಿನ ಪ್ರಕಾರ 1890ರ ಹೊತ್ತಿಗೆ ಸುಮಾರು 6 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಪುಸ್ತಕ ಬರೆದರಷ್ಟೇ ಸಾಲದು, ಬೇರೆಯವರು ಕದ್ದು ಅಚ್ಚು ಹಾಕದಂತೆ ನೋಡಿಕೊಳ್ಳಬೇಕಲ್ಲ? ಆಗ ಇಡೀ ದೇಶಕ್ಕೆ ಅನ್ವಯಿಸುವ ಗ್ರಂಥಸ್ವಾಮ್ಯದ ಕಾನೂನು ಇರಲಿಲ್ಲ. ಆತ ಪ್ರಾಂತದಿಂದ ಪ್ರಾಂತಕ್ಕೆ ಅಲೆದು, ಅಲ್ಲಲ್ಲಿನ ಶಾಸನಸಭೆಗಳ ಬಾಗಿಲು ಬಡಿದು, ಲೇಖಕರ ಹಕ್ಕಿಗಾಗಿ ಕಾನೂನು ಮಾಡಿ ಎಂದು ಬೇಡಿಕೊಂಡ. 1790ರಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಬಂತು. ಹಾಗೆ ಅಲೆಯುವಾಗ ಹೋದ ಊರುಗಳಲ್ಲೆಲ್ಲ ಮನೆಗಳನ್ನು ಎಣಿಸಿ ಬರೆದಿಡುವ ಅಭ್ಯಾಸ ಆತನಿಗಿತ್ತು. ಎಣಿಸುವುದು, ಪಟ್ಟಿ ಮಾಡುವುದು ಆತನ ರಕ್ತದಲ್ಲೇ ಇತ್ತು.

ಇಂಗ್ಲಿಷ್ ಸ್ಪೆಲ್ಲಿಂಗ್ ಕೆಟ್ಟದ್ದು ಹೇಗೆ?

ವೆಬ್‌ಸ್ಟರ್ ಮಾಡಿದ್ದೇನು ಎಂದು ತಿಳಿಯಬೇಕಾದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಇಷ್ಟು ಸಿಕ್ಕಾದದ್ದು ಹೇಗೆಂದು ಸ್ವಲ್ಪ ತಿಳಿದಿರಬೇಕು.

ಒಂದು ಕಾಲದಲ್ಲಿ ಇಂಗ್ಲಿಷರೂ ಹೇಳಿದಂತೆಯೇ ಬರೆಯುತ್ತಿದ್ದರು. ನೈಫ್, ನೋ ಎಂಬ ಶಬ್ದಗಳ ಆರಂಭದ ಕೆ ಅಕ್ಷರವನ್ನು ಆಗ ಬಾಯಲ್ಲೂ ಹೇಳುತ್ತಿದ್ದರು. ನೈಟ್ ಶಬ್ದದ ನಡುವಿನ ಜಿ-ಎಚ್ ಕೂಡ ಗಂಟಲಿನಿಂದ ಕೇಳಿಸುತ್ತಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಾದ ರೂಪಗಳು ನಿಧಾನವಾಗಿ ಗಟ್ಟಿಯಾದವು. ಬಾಯಿಯ ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಮಾತು ಹೋದ ಮೇಲೂ ಅಕ್ಷರ ಉಳಿಯಿತು.

ಇದರ ಮೇಲೆ ಪಂಡಿತರ ಉಪಟಳ ಬೇರೆ. ಡೆಟ್ ಅಂದರೆ ಸಾಲ. ಆ ಶಬ್ದದಲ್ಲಿ ಮೊದಲು ಬಿ ಅಕ್ಷರವೇ ಇರಲಿಲ್ಲ. ಅದರ ಲ್ಯಾಟಿನ್ ಮೂಲದಲ್ಲಿ ಬಿ ಇದೆ ಎಂದು ತೋರಿಸಲು ನಡುವೆ ತುರುಕಿದರು. ಐಲೆಂಡ್ ಶಬ್ದದ ಎಸ್ ಇನ್ನೂ ವಿಚಿತ್ರ. ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಶಬ್ದದಲ್ಲಿ ಎಸ್ ಇದೆಯೆಂದು ಇದಕ್ಕೂ ಅಂಟಿಸಿದರು. ಇಂದು ಆ ಎಸ್ ಬಿಟ್ಟು ಬರೆದ ಮಗುವಿಗೆ ಅಂಕ ಕಳೆಯುತ್ತೇವೆ. ತಪ್ಪು ಮಾಡಿದ್ದು ಮಗುವೋ, ಪಂಡಿತರೋ?

1755ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ನಿಘಂಟೊಂದನ್ನು ಹೊರತಂದರು. ಅದರ ಅಧಿಕಾರದ ಮುದ್ರೆ ಬಿದ್ದ ಮೇಲೆ ಸ್ಪೆಲ್ಲಿಂಗ್ ಎಂಬುದು ಒಂದು ನಿಲುಗಡೆಗೆ ಬಂತು. ಬ್ರಿಟಿಷರು ನಮ್ಮ ದೇಶದಲ್ಲಿ ತೆರೆದ ಶಾಲೆಗಳಿಗೂ ಬಂದದ್ದು ಆ ಬ್ರಿಟಿಷ್ ಪದ್ಧತಿಯೇ. ಕಲರ್, ಆನರ್, ಲೇಬರ್ ಮುಂತಾದವುಗಳಿಗೆ ನಾವು ಇಂದಿಗೂ ಯು ಸೇರಿಸಿ ಬರೆಯುವುದು ಇದರಿಂದಲೇ.

ಮೊದಲ ಏಟಿಗೆ ನಗೆಪಾಟಲು

ಒಂದು ತಮಾಷೆಯ ಸಂಗತಿ ಇದೆ. 1783ರ ಮೊದಲ ಪುಸ್ತಕದಲ್ಲಿ ವೆಬ್‌ಸ್ಟರನೂ ಬ್ರಿಟಿಷ್ ಪದ್ಧತಿಯನ್ನೇ ಹಿಡಿದಿದ್ದ. ಆನರ್, ಫೇವರ್ ಶಬ್ದಗಳಿಂದ ಯು ಕಿತ್ತುಹಾಕುವವರನ್ನು ಗೇಲಿಯನ್ನೂ ಮಾಡಿದ್ದ. ಮುಂದೆ ಆ ಗೇಲಿ ತನಗೇ ತಿರುಗಲಿದೆ ಎಂದು ಆತನಿಗೆ ತಿಳಿದಿರಲಿಲ್ಲ.

ಆತನ ಮನಸ್ಸು ತಿರುಗಿಸಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮುಖ್ಯರು. ಮಿಂಚು ಮತ್ತು ವಿದ್ಯುತ್ತಿನ ಪ್ರಯೋಗಗಳಿಗೆ ಹೆಸರಾದ ಅದೇ ಫ್ರಾಂಕ್ಲಿನ್. ಅವರು 1768ರಲ್ಲೇ, ಹೇಳಿದಂತೆ ಬರೆಯುವ ಹೊಸ ಅಕ್ಷರಮಾಲೆಯೊಂದನ್ನು ಮಾಡಿಟ್ಟಿದ್ದರು. ವೃದ್ಧರಾಗಿದ್ದ ಅವರನ್ನು ಕಂಡು ಮಾತಾಡಿದ ಮೇಲೆ ವೆಬ್‌ಸ್ಟರನಿಗೆ ಹುರುಪು ಬಂತು. ಹೊಸ ದೇಶಕ್ಕೆ ಸ್ವಂತ ಸರಕಾರ ಬಂದಮೇಲೆ ಸ್ವಂತ ಸ್ಪೆಲ್ಲಿಂಗ್ ಯಾಕೆ ಬೇಡ? ಉಚ್ಚಾರಕ್ಕೆ ಹತ್ತಿರವಾದರೆ ಮಕ್ಕಳಿಗೂ ಪರದೇಶದಿಂದ ಬಂದವರಿಗೂ ಕಲಿಯುವುದು ಸುಲಭ. ಅಮೆರಿಕದ ಎಲ್ಲ ಪ್ರಾಂತಗಳವರೂ ಒಂದೇ ರೀತಿ ಬರೆದು ಒಂದೇ ರೀತಿ ಮಾತಾಡಿದರೆ ದೇಶವೂ ಒಂದಾಗಿರುತ್ತದೆ. ಇದು ಆತನ ವಾದ. 1789ರಲ್ಲಿ ಈ ಬಗ್ಗೆ ಪುಸ್ತಕ ಬರೆದು ಫ್ರಾಂಕ್ಲಿನ್‌ಗೆ ಅರ್ಪಿಸಿದ.

ಮರುವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಪ್ರಬಂಧಗಳ ಒಂದು ಭಾಗವನ್ನು ಹೊಸ ಸ್ಪೆಲ್ಲಿಂಗಿನಲ್ಲೇ ಅಚ್ಚು ಹಾಕಿಸಿದ. ಹ್ಯಾವ್, ಗಿವ್ ಶಬ್ದಗಳ ಕೊನೆಯ ಇ ಹಾರಿಹೋಯಿತು. ಈಸ್ ಎಂಬುದು ಐ-ಜೆಡ್ ಆಯಿತು. ಓದಿದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಓದು ಬಾರದವನು ಬರೆದಂತಿದೆ ಎಂದು ಆಡಿಕೊಂಡರು. ಮಕ್ಕಳಿಗೆ ಸ್ಪೆಲ್ಲಿಂಗ್ ಕಲಿಸಿ ಹೆಸರಾದ ಮಾಸ್ತರ್ ತಾನೇ ಸ್ಪೆಲ್ಲಿಂಗ್ ಬಾರದವನಂತೆ ಕಂಡ.

ಈ ಪೆಟ್ಟಿನಿಂದ ವೆಬ್‌ಸ್ಟರ್ ಒಂದು ಪಾಠ ಕಲಿತ. ಜನರ ಕಣ್ಣಿಗೆ ರೂಢಿಯಾದ ಶಬ್ದವನ್ನು ಒಮ್ಮೆಲೇ ಬದಲಿಸಲು ಹೋದರೆ ಯಾರೂ ಒಪ್ಪುವುದಿಲ್ಲ. ಸಣ್ಣ ಬದಲಾವಣೆಯಾಗಿರಬೇಕು, ಅದಕ್ಕೊಂದು ಕಾರಣವಿರಬೇಕು, ಆ ಕಾರಣ ಶಾಲೆಯ ಮಗುವಿಗೂ ಹೇಳುವಂತಿರಬೇಕು.

ಎಲ್ಲಿ ಗೆದ್ದ, ಎಲ್ಲಿ ಸೋತ

ನಡುವೆ ಸಂಸಾರವೂ ಬೆಳೆಯಿತು. 1789ರಲ್ಲಿ ರೆಬೆಕ್ಕಾ ಗ್ರೀನ್‌ಲೀಫ್ ಎಂಬವರನ್ನು ಮದುವೆಯಾದ. ಎಂಟು ಮಕ್ಕಳು ಹುಟ್ಟಿದರು. 1793ರಲ್ಲಿ ನ್ಯೂಯಾರ್ಕಿಗೆ ಹೋಗಿ ಒಂದು ದಿನಪತ್ರಿಕೆಯ ಸಂಪಾದಕನಾದ. ರಾಜಕೀಯದ ಜಗಳಗಳಲ್ಲಿ ಬಿದ್ದು ಬೈಗುಳ ತಿಂದ, ಬೈಗುಳ ಕೊಟ್ಟ. ಆತನ ಸ್ವಭಾವವೂ ಮೆತ್ತಗಿನದಲ್ಲ. ತಾನೇ ಸರಿ ಎಂಬ ಹಟ ಜಾಸ್ತಿ. 1798ರಲ್ಲಿ ಅದನ್ನೆಲ್ಲ ಬಿಟ್ಟು ನ್ಯೂಹೇವನ್ ಊರಿಗೆ ಬಂದು ನಿಘಂಟಿನ ಕೆಲಸಕ್ಕೆ ಕೈಹಾಕಿದ.

1806ರಲ್ಲಿ ಒಂದು ಸಣ್ಣ ನಿಘಂಟು ಬಂತು. ಈಗ ನಾವು ಅಮೆರಿಕದ ಸ್ಪೆಲ್ಲಿಂಗ್ ಎನ್ನುವ ಬಹಳಷ್ಟು ರೂಪಗಳಿಗೆ ನೆಲೆ ಸಿಕ್ಕಿದ್ದು ಅಲ್ಲಿಂದ. ಅವುಗಳಲ್ಲಿ ಕೆಲವನ್ನು ಆತನಿಗಿಂತ ಮೊದಲೂ ಅಲ್ಲೊಬ್ಬರು ಇಲ್ಲೊಬ್ಬರು ಬರೆಯುತ್ತಿದ್ದರು. ಅವುಗಳನ್ನು ಆರಿಸಿ, ನಿಯಮದೊಳಗೆ ತಂದು, ಶಾಲೆಗೆ ಮುಟ್ಟಿಸಿದವನು ವೆಬ್‌ಸ್ಟರ್.

ಕಲರ್, ಆನರ್ ಶಬ್ದಗಳಿಂದ ಯು ತೆಗೆದ. ಸೆಂಟರ್, ಥಿಯೇಟರ್ ಶಬ್ದಗಳ ಕೊನೆಯ ಆರ್-ಇ ಎಂಬುದನ್ನು ತಿರುಗಿಸಿ ಇ-ಆರ್ ಮಾಡಿದ. ಜಾನ್ಸನ್ ಕಾಲದಲ್ಲಿ ಮ್ಯೂಸಿಕ್, ಪಬ್ಲಿಕ್ ಶಬ್ದಗಳ ಕೊನೆಗೆ ಸಿ ಆದ ಮೇಲೆ ಕೆ ಕೂಡ ಇತ್ತು. ಆ ಕೆಯನ್ನು ಕೈಬಿಟ್ಟ. ಈ ಕೊನೆಯದನ್ನು ಬ್ರಿಟಿಷರೂ ಬಿಟ್ಟರು, ಹಾಗಾಗಿ ನಾವೂ ಬಿಟ್ಟಿದ್ದೇವೆ. ಡಿಫೆನ್ಸ್ ಶಬ್ದಕ್ಕೆ ಸಿ ಬದಲು ಎಸ್ ಹಾಕಿದ. ಕಾರಣವಿಷ್ಟೆ: ಡಿಫೆನ್ಸಿವ್ ಎಂದು ಬರೆಯುವಾಗ ಎಸ್ ಇದೆಯಲ್ಲ, ತಾಯಿಗೊಂದು ಅಕ್ಷರ, ಮಗಳಿಗೊಂದು ಅಕ್ಷರ ಯಾಕೆ?

ಸೋತದ್ದೂ ಇದೆ. ವಿಮೆನ್ ಎಂಬುದನ್ನು ಕೇಳಿಸಿದಂತೆ ಡಬ್ಲ್ಯೂ-ಐ-ಎಂ-ಎಂ-ಇ-ಎನ್ ಎಂದು ಬರೆಯಲು ಹೇಳಿದ. ಟಂಗ್ ಅಂದರೆ ನಾಲಗೆ, ಅದನ್ನು ಟಿ-ಯು-ಎನ್-ಜಿ ಎಂದು ಮಾಡಿದ. ಡಿಟರ್ಮಿನ್, ಮೆಡಿಸಿನ್ ಶಬ್ದಗಳ ಕೊನೆಯ ಇ ತೆಗೆದ. ಬುದ್ಧಿಗೆ ಒಪ್ಪುವ ಬದಲಾವಣೆಗಳೇ, ಜನ ಮಾತ್ರ ಒಪ್ಪಲಿಲ್ಲ. ಆ ಇ ಅಕ್ಷರವನ್ನು ಮುಂದೆ ಆತನೇ ತಿರುಗಿ ತಂದು ಕೂಡಿಸಿದ.

ನಮಗೂ ಉಪಯೋಗವಾಗುವ ನಿಯಮ

ವೆಬ್‌ಸ್ಟರ್ ಗಟ್ಟಿಯಾಗಿ ಹಿಡಿದ ಒಂದು ನಿಯಮ ನಮ್ಮ ಮಕ್ಕಳಿಗೂ ಬೇಕಾದದ್ದು. ಬಿಗಿನಿಂಗ್, ಅಕರ್ಡ್, ಓಪನಿಂಗ್ ಮುಂತಾದ ಶಬ್ದಗಳಲ್ಲಿ ಅಕ್ಷರ ಯಾವಾಗ ಇಮ್ಮಡಿಯಾಗಬೇಕು ಎಂಬ ನಿಯಮ.

ಶಬ್ದದ ಕೊನೆಯಲ್ಲಿ ಒಂದೇ ಸ್ವರ, ಅದರ ಹಿಂದೆ ಒಂದೇ ವ್ಯಂಜನ ಇದೆ ಎಂದುಕೊಳ್ಳಿ. ಆ ಶಬ್ದವನ್ನು ಬಾಯಿಬಿಟ್ಟು ಹೇಳಿ ನೋಡಿ. ಬಿಗಿನ್ ಎನ್ನುವಾಗ ಒತ್ತು ಬೀಳುವುದು ಕೊನೆಯ ಗಿನ್ ಮೇಲೆ. ಆದ್ದರಿಂದ ಬಿಗಿನಿಂಗ್ ಶಬ್ದಕ್ಕೆ ನಡುವೆ ಎರಡು ಎನ್. ಅಕರ್ ಎನ್ನುವಾಗಲೂ ಒತ್ತು ಕೊನೆಗೆ. ಹಾಗಾಗಿ ಅಕರ್ಡ್ ಶಬ್ದಕ್ಕೆ ಎರಡು ಆರ್. ಓಪನ್ ಎನ್ನುವಾಗ ಒತ್ತು ಮೊದಲ ಓ ಮೇಲೆ. ಓಪನಿಂಗ್ ಶಬ್ದಕ್ಕೆ ಒಂದೇ ಎನ್ ಸಾಕು. ಬೆನಿಫಿಟೆಡ್ ಶಬ್ದಕ್ಕೂ ಒಂದೇ ಟಿ.

ಹಾಗಾದರೆ ಟ್ರಾವೆಲ್? ಒತ್ತು ಮೊದಲಿಗೆ. ನಿಯಮದ ಪ್ರಕಾರ ಟ್ರಾವೆಲಿಂಗ್ ಶಬ್ದಕ್ಕೆ ಒಂದೇ ಎಲ್ ಇರಬೇಕು. ವೆಬ್‌ಸ್ಟರ್ ಹಾಗೆಯೇ ಬರೆದ, ಅಮೆರಿಕ ಹಾಗೆಯೇ ಬರೆಯುತ್ತದೆ. ಬ್ರಿಟಿಷರು ಎಲ್ ಅಕ್ಷರಕ್ಕೆ ಮಾತ್ರ ವಿನಾಯಿತಿ ಕೊಟ್ಟು ಎರಡು ಬರೆಯುತ್ತಾರೆ. ನಮ್ಮ ಶಾಲೆಯಲ್ಲಿಯೂ ಎರಡು. ಪರೀಕ್ಷೆಯಲ್ಲಿ ಎರಡೇ ಬರೆಯಿರಿ, ಕಂಪ್ಯೂಟರ್ ಕೆಂಪು ಗೆರೆ ಎಳೆದರೆ ಹೆದರಬೇಡಿ.

ಆತನ ಇನ್ನೊಂದು ದಾರಿ ಶಬ್ದದ ಕುಟುಂಬ ನೋಡುವುದು. ಡೆಫಿನಿಟ್ ಶಬ್ದದಲ್ಲಿ ನಡುವೆ ಎ ಬರೆಯುವವರು ಬಹಳ. ಅದರೊಳಗೆ ಫೈನೈಟ್ ಎಂಬ ಶಬ್ದ ಕೂತಿದೆ ಎಂದು ಗುರುತಿಸಿದರೆ ಐ ತಾನಾಗಿ ಬರುತ್ತದೆ. ಸೆಪರೇಟ್ ಶಬ್ದ ಪ್ರಿಪೇರ್ ಶಬ್ದದ ನೆಂಟ, ಎರಡರಲ್ಲೂ ಪಿ-ಎ-ಆರ್ ಇದೆ. ಗವರ್ನ್‌ಮೆಂಟ್ ಶಬ್ದದ ನಡುವಿನ ಎನ್ ಕಿವಿಗೆ ಬೀಳುವುದಿಲ್ಲ, ಗವರ್ನ್ ಎಂಬ ಮೂಲ ನೆನೆದರೆ ಬಿಟ್ಟುಹೋಗುವುದಿಲ್ಲ. ಸೈನ್ ಶಬ್ದದ ಜಿ ಮೂಕ, ಸಿಗ್ನೇಚರ್ ಎನ್ನುವಾಗ ಬಾಯಿ ಬಿಡುತ್ತದೆ. ಅಕಾಮಡೇಶನ್ ಶಬ್ದಕ್ಕೆ ಲ್ಯಾಟಿನ್ನಿನ ಎರಡು ಉಪಸರ್ಗಗಳು ಬಂದು ಸೇರಿವೆ. ಆದ್ದರಿಂದ ಸಿ ಎರಡು, ಎಂ ಎರಡು.

ಇನ್ನು ರಿಸೀವ್ ಶಬ್ದಕ್ಕೆ ಬಂದರೆ, ಈ ಎಂದು ದೀರ್ಘವಾಗಿ ಕೇಳಿಸುವಲ್ಲಿ ಸಾಮಾನ್ಯವಾಗಿ ಐ ಮೊದಲು, ಇ ಆಮೇಲೆ. ಬಿಲೀವ್ ಹಾಗೆಯೇ. ಹಿಂದೆ ಸಿ ಇದ್ದರೆ ಮಾತ್ರ ಇ ಮೊದಲು. ರಿಸೀವ್, ರಿಸೀಟ್, ಸೀಲಿಂಗ್ ಈ ಗುಂಪಿನವು. ಸೀಜ್ ಎಂಬ ಶಬ್ದ ಈ ನಿಯಮಕ್ಕೆ ಬಗ್ಗುವುದಿಲ್ಲ, ಅದನ್ನು ಬಾಯಿಪಾಠವೇ ಮಾಡಬೇಕು.

ಎಪ್ಪತ್ತು ವರ್ಷ, ಎಪ್ಪತ್ತು ಸಾವಿರ ಶಬ್ದ

1806ರ ಸಣ್ಣ ನಿಘಂಟು ಬಂದ ಮೇಲೆ ವೆಬ್‌ಸ್ಟರ್ ದೊಡ್ಡ ನಿಘಂಟಿಗೆ ಕುಳಿತ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಕೆಲಸ. ಖರ್ಚು ತೂಗಿಸಲಾಗದೆ 1812ರಲ್ಲಿ ಸಂಸಾರ ಸಮೇತ ಮ್ಯಾಸಚೂಸೆಟ್ಸ್‌ನ ಅಮ್‌ಹರ್ಸ್ಟ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದ. ಅಲ್ಲಿ ಕಾಲೇಜೊಂದು ಹುಟ್ಟಲು ನೆರವಾದ. ಸುತ್ತಲೂ ನಿಘಂಟುಗಳನ್ನು ಹರಡಿಕೊಂಡು, ಒಂದರಿಂದ ಇನ್ನೊಂದಕ್ಕೆ ಸರಿಯುತ್ತ, ಒಂದೊಂದೇ ಶಬ್ದವನ್ನು ಸ್ವಂತ ಕೈಯಿಂದ ಬರೆದ. ಶಬ್ದಗಳ ಮೂಲ ಹುಡುಕಲು ಇಪ್ಪತ್ತರಷ್ಟು ಭಾಷೆಗಳ ಪರಿಚಯ ಮಾಡಿಕೊಂಡ. ಸಂಸ್ಕೃತವೂ ಅವುಗಳಲ್ಲಿ ಸೇರಿತ್ತು.

ಇಲ್ಲಿ ಆತ ಎಡವಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ 1786ರಲ್ಲೇ ಹೇಳಿದ್ದರು. ಜರ್ಮನಿಯ ವಿದ್ವಾಂಸರು ಅದನ್ನು ಮುಂದುವರಿಸಿದ್ದರು. ವೆಬ್‌ಸ್ಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬೈಬಲಿನ ಕಥೆಯಂತೆ ಎಲ್ಲ ಭಾಷೆಗಳೂ ಒಂದೇ ಆದಿಭಾಷೆಯಿಂದ ಒಡೆದವು ಎಂದು ನಂಬಿ ಹೊರಟ. ಆತ ಕೊಟ್ಟ ಶಬ್ದಮೂಲಗಳಲ್ಲಿ ಅನೇಕ ತಪ್ಪಿದವು. ಮುಂದೆ 1864ರ ಆವೃತ್ತಿಯಲ್ಲಿ ಜರ್ಮನ್ ವಿದ್ವಾಂಸರೊಬ್ಬರು ಅವುಗಳನ್ನು ತಿದ್ದಿ ಬರೆಯಬೇಕಾಯಿತು.

ಅರ್ಥ ಹೇಳುವುದರಲ್ಲಿ ಮಾತ್ರ ಆತನಿಗೆ ಸಾಟಿಯಿರಲಿಲ್ಲ. 1824ರಲ್ಲಿ ಮಗನನ್ನು ಕರೆದುಕೊಂಡು ಹಡಗು ಹತ್ತಿ ಪ್ಯಾರಿಸ್‌ಗೆ ಹೋದ, ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ. 1825ರ ಜನವರಿಯಲ್ಲಿ ಕೊನೆಯ ಶಬ್ದ ಬರೆದು ಮುಗಿಸಿದಾಗ ಕೈ ನಡುಗಿ ಲೇಖನಿ ಹಿಡಿಯಲಾಗಲಿಲ್ಲ. ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸುಧಾರಿಸಿತು.

1828ರಲ್ಲಿ ಎರಡು ಸಂಪುಟಗಳಲ್ಲಿ ನಿಘಂಟು ಹೊರಬಂತು. ಶಬ್ದಗಳು ಸುಮಾರು 70,000. ಕರ್ತೃವಿನ ವಯಸ್ಸು 70. ನಮ್ಮ ಪಕ್ಕದ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಶಬ್ದಗಳಿವೆ. ಒಂದು ಜೀವಮಾನದಲ್ಲಿ ಅಷ್ಟು ಮಾಡುವುದೆಂದರೆ ಏನೆಂಬುದಕ್ಕೆ ಕಿಟೆಲ್ ಕೋಶವನ್ನು ಎತ್ತಿ ನೋಡಿದವರೇ ಸಾಕ್ಷಿ.

ವೆಬ್‌ಸ್ಟರ್ ನಿಘಂಟಿನ ಬೆಲೆ 20 ಡಾಲರ್. ಅಮೆರಿಕದಲ್ಲಿ ಅಚ್ಚು ಹಾಕಿದ್ದು 2,500 ಪ್ರತಿ. ಆ ಕಾಲಕ್ಕೆ ಅದು ಬಡವರ ಕೈಗೆಟುಕುವ ಬೆಲೆಯಲ್ಲ. ಹೆಸರು ಬಂತು, ಹಣ ಬರಲಿಲ್ಲ. ಮತ್ತೊಂದು ಆವೃತ್ತಿಗಾಗಿ 82ನೇ ವಯಸ್ಸಿನಲ್ಲಿ ಮನೆಯನ್ನು ಅಡವಿಟ್ಟ. ತಂದೆ ಮಗನ ಓದಿಗೆ ಹೊಲ ಅಡವಿಟ್ಟಿದ್ದರು, ಮಗ ಶಬ್ದಗಳಿಗಾಗಿ ಮನೆ ಅಡವಿಟ್ಟ. 1841ರಲ್ಲಿ ಅದು ಹೊರಬಂತು. 1843ರ ಮೇ 28ರಂದು ನ್ಯೂಹೇವನ್‌ನಲ್ಲಿ 84ನೇ ವಯಸ್ಸಿನಲ್ಲಿ ಆತ ತೀರಿಕೊಂಡಾಗ ಸಾಲ ಇನ್ನೂ ಬಾಕಿಯಿತ್ತು. ಉಳಿದ ಪ್ರತಿಗಳನ್ನೂ ಹಕ್ಕನ್ನೂ ಜಾರ್ಜ್ ಮತ್ತು ಚಾರ್ಲ್ಸ್ ಮೆರಿಯಮ್ ಎಂಬ ಅಣ್ಣತಮ್ಮಂದಿರು ಕೊಂಡರು. 1847ರಲ್ಲಿ ಅವರು ಬೆಲೆಯನ್ನು 6 ಡಾಲರಿಗೆ ಇಳಿಸಿದ ಮೇಲೆ ನಿಘಂಟು ಮನೆಮನೆಗೆ ಹೋಯಿತು. ಮೆರಿಯಮ್ ವೆಬ್‌ಸ್ಟರ್ ಎಂಬ ಹೆಸರಿನಲ್ಲಿ ಅದು ಈಗಲೂ ಬರುತ್ತಿದೆ.

ಮಾಸ್ತರ್ ಕಾಣದ ಶಿಷ್ಯರು

ವೆಬ್‌ಸ್ಟರನ ಬದುಕಿನಲ್ಲಿ ನಮಗೆ ಹೆಚ್ಚು ತಾಗುವ ಭಾಗ ಆತನಿಗೆ ಗೊತ್ತಿಲ್ಲದೆ ನಡೆದದ್ದು.

ಅಮೆರಿಕದಲ್ಲಿ ಆಗ ಗುಲಾಮಗಿರಿ ಇತ್ತು. ದಕ್ಷಿಣದ ಹಲವು ಪ್ರಾಂತಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧ. ಬಾಲ್ಟಿಮೋರ್ ನಗರದಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್ ಎಂಬ ಹುಡುಗ ವೆಬ್‌ಸ್ಟರನ ನೀಲಿ ಪುಸ್ತಕದ ಓರೆ ಅಕ್ಷರಗಳನ್ನು ನೋಡಿ ನೋಡಿ, ಪುಸ್ತಕ ನೋಡದೆಯೇ ಬರೆಯಲು ಬರುವವರೆಗೂ ತಿದ್ದಿದ. ಮುಂದೆ ತಪ್ಪಿಸಿಕೊಂಡು ಸ್ವತಂತ್ರನಾಗಿ, 1845ರಲ್ಲಿ ತನ್ನ ಆತ್ಮಕಥೆ ಬರೆದು, ಗುಲಾಮಗಿರಿಯ ವಿರುದ್ಧದ ಹೋರಾಟದ ದೊಡ್ಡ ದನಿಯಾದ. ಅಂತರ್ಯುದ್ಧ ಮುಗಿದು ಬಿಡುಗಡೆಯಾದ ಮೇಲೆ ಬೂಕರ್ ವಾಷಿಂಗ್ಟನ್ ಎಂಬ ಹುಡುಗನಿಗೆ ಓದುಬಾರದ ತಾಯಿ ಎಲ್ಲಿಂದಲೋ ತಂದುಕೊಟ್ಟದ್ದೂ ಅದೇ ನೀಲಿ ಪುಸ್ತಕ. ಆತ ಮುಂದೆ ದೊಡ್ಡ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದ.

ವೆಬ್‌ಸ್ಟರ್ ಹರೆಯದಲ್ಲಿ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದ. ಮುದಿತನದಲ್ಲಿ ಅದರ ವಿರುದ್ಧ ಹೋರಾಡುವವರನ್ನೇ ಗದರಿಸಿದ. ಆತನ ಪುಸ್ತಕ ಆತನ ಮಾತು ಕೇಳಲಿಲ್ಲ. ಯಾರ ಕೈಗೆ ಸಿಕ್ಕಿತೋ ಅವರಿಗೆಲ್ಲ ಅಕ್ಷರ ಕೊಟ್ಟಿತು.

ಸ್ಪೆಲ್ಲಿಂಗ್ ದೇವರು ಬರೆದದ್ದಲ್ಲ. ಅಚ್ಚು ಹಾಕುವವರು, ಪಂಡಿತರು, ಮಾಸ್ತರುಗಳು ಸೇರಿ ಮಾಡಿದ್ದು, ಜನ ಒಪ್ಪಿದ್ದು ಉಳಿಯಿತು, ಒಪ್ಪದ್ದು ಹೋಯಿತು. ಹಾಗೆಂದು ಮನಸ್ಸಿಗೆ ಬಂದಂತೆ ಬರೆಯಲಾಗುವುದಿಲ್ಲ. ಗಡಿನಾಡಿನಲ್ಲಿ ಅದರ ಪೆಟ್ಟು ಏನೆಂದು ನಮಗೆ ಗೊತ್ತು. ಲಕ್ಷ್ಮಿ ಎಂಬ ಹೆಸರು ಒಂದು ದಾಖಲೆಯಲ್ಲಿ ಕೆ-ಎಸ್-ಎಚ್ ಸೇರಿಸಿ, ಇನ್ನೊಂದರಲ್ಲಿ ಎಕ್ಸ್ ಹಾಕಿ ಬಂದಿದ್ದರೆ ಒಬ್ಬಳೇ ಹೆಂಗಸು ಇಬ್ಬರಾಗಿಬಿಡುತ್ತಾಳೆ. ಆಕೆ ತಾನೇ ಅವಳು ಎಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಎಲ್ಲರೂ ಒಂದೇ ರೀತಿ ಬರೆಯೋಣ ಎಂದು ವೆಬ್‌ಸ್ಟರ್ ಜೀವ ತೇಯ್ದದ್ದು ಇಂಥದಕ್ಕೇ.

ಆದ್ದರಿಂದ ಮಗು ಸ್ಪೆಲ್ಲಿಂಗ್ ತಪ್ಪಿದರೆ ದಡ್ಡ ಎನ್ನುವ ಮುಂಚೆ, ಆ ಶಬ್ದದ ಒಳಗೆ ಯಾವ ನೆಂಟರು ಕೂತಿದ್ದಾರೆ, ಒತ್ತು ಎಲ್ಲಿ ಬೀಳುತ್ತದೆ ಎಂದು ಒಮ್ಮೆ ಜೊತೆಗೆ ಕೂತು ನೋಡಿ. ಕಾರಣ ಗೊತ್ತಾದರೆ ಕೈ ತಡೆಯುವುದಿಲ್ಲ. ಕಾರಣವೇ ಇಲ್ಲದ ಕಡೆ, ಇದು ಹಳೆಯ ಪಂಡಿತರ ತಪ್ಪು ಮಗೂ, ನಾವು ಸುಮ್ಮನೆ ಬಾಯಿಪಾಠ ಮಾಡಿಬಿಡೋಣ ಎಂದು ಹೇಳಿದರಾಯಿತು.